ಓದುಗರ ಪ್ರಶ್ನೆ: ಪಾಲಿಸಿ ಮಾರುವ ಕೆಲಸಕ್ಕೆ ಸೇರುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿಮೆ ಮತ್ತು ಹಣಕಾಸು ಸೇವೆಯ ಕೆಲಸಕ್ಕೆ ತಯಾರಾಗುತ್ತಿರುವವರದ್ದು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಾನು ಇತಿಹಾಸದಲ್ಲಿ ಪದವಿ ಮಾಡಿದವಳು. ವಿಮಾ ಕಂಪನಿಯೊಂದು ತರಬೇತಿಗೆ ಕರೆದಿದೆ. ಲೆಕ್ಕ ಅಂದರೆ ನನಗೆ ಅಷ್ಟಕ್ಕಷ್ಟೇ. ಹೋಗಬಹುದಾ?

ಉತ್ತರ: ಧಾರಾಳವಾಗಿ ಹೋಗಿ. ಈ ಕೆಲಸಕ್ಕೆ ಬೇಕಾಗಿರುವುದು ಹೈಸ್ಕೂಲಿನ ಲೆಕ್ಕ. ಶೇಕಡಾ, ಚಕ್ರಬಡ್ಡಿ, ಹಣದುಬ್ಬರ, ಈ ಮೂರು ಕೈಗೆ ಹತ್ತಿದರೆ ಸಾಕು. ಯಾವ ವಯಸ್ಸಿನವರಿಗೆ ಎಷ್ಟು ಪ್ರೀಮಿಯಂ ಅನ್ನುವ ಕಷ್ಟದ ಲೆಕ್ಕವನ್ನೆಲ್ಲ ಆಕ್ಚುಯರಿಗಳು ಮಾಡಿಟ್ಟಿರುತ್ತಾರೆ. ಅದೂ ಹಳೇ ವಿದ್ಯೆ. ನೀವು ಇತಿಹಾಸದವರು, ಇದು ಇಷ್ಟವಾಗಬಹುದು: ಧೂಮಕೇತುವಿನ ಹ್ಯಾಲಿ ಇದ್ದಾನಲ್ಲ, ಅದೇ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲೌ ನಗರದ ಜನನ ಮರಣದ ದಾಖಲೆ ಹಿಡಿದು ಯಾವ ವಯಸ್ಸಿನವರಲ್ಲಿ ಎಷ್ಟು ಜನ ಉಳಿಯುತ್ತಾರೆ ಅಂತ ಕೋಷ್ಟಕ ಮಾಡಿದ್ದ. ಇವತ್ತಿನ ಜೀವ ವಿಮೆಯ ಲೆಕ್ಕ ನಿಂತಿರುವುದು ಅಂಥ ಕೋಷ್ಟಕಗಳ ಮೇಲೆಯೇ.

ಆದರೆ ಆ ಮೂರು ವಿಷಯವನ್ನು ಮಾತ್ರ ಗಟ್ಟಿಯಾಗಿ ಕಲಿಯಿರಿ. ಯಾಕೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ವರ್ಷಕ್ಕೆ 100ರಂತೆ 20 ವರ್ಷ ಕಟ್ಟಬೇಕು, ಕೊನೆಗೆ 3,000 ಬರುತ್ತದೆ ಎನ್ನುವ ಪಾಲಿಸಿ ಇದೆ ಎಂದುಕೊಳ್ಳಿ. ಕಟ್ಟಿದ್ದು 2,000, ಬಂದದ್ದು 3,000. ಮಾರುವವರು ‘ದುಡ್ಡು ಒಂದೂವರೆ ಪಟ್ಟು ಆಗುತ್ತೆ’ ಅಂತಾರೆ. ಸುಳ್ಳೇನಲ್ಲ. ಈಗ ಸ್ಪ್ರೆಡ್‌ಶೀಟ್ ತೆಗೆಯಿರಿ, 20 ಸಾಲುಗಳಲ್ಲಿ ಮೈನಸ್ 100 ಹಾಕಿ, 21ನೇ ಸಾಲಿನಲ್ಲಿ 3,000 ಹಾಕಿ, ಐಆರ್‌ಆರ್ (ಕಟ್ಟಿದ ದುಡ್ಡು ವರ್ಷಕ್ಕೆ ಎಷ್ಟು ದರದಲ್ಲಿ ಬೆಳೆಯಿತು ಅಂತ ಹೇಳುವ ಲೆಕ್ಕ) ಅನ್ನುವ ಫಾರ್ಮುಲಾ ಓಡಿಸಿ. ಸುಮಾರು ಶೇ. 3.7 ಅಂತ ಬರುತ್ತದೆ. ಅದೇ 20 ವರ್ಷದಲ್ಲಿ ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದ್ದರೆ ಗ್ರಾಹಕರ ದುಡ್ಡು ಬೆಳೆದೇ ಇಲ್ಲ, ಕರಗಿದೆ. ನಡುವೆ ಸಾವು ಬಂದರೆ ಮನೆಯವರಿಗೆ ಸಿಗುವ ಮೊತ್ತಕ್ಕೂ ಬೆಲೆ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟೇ ಮೊತ್ತದ ಟರ್ಮ್ ಪಾಲಿಸಿಗೆ (ಅವಧಿಯೊಳಗೆ ಸಾವು ಬಂದರೆ ಮಾತ್ರ ದುಡ್ಡು ಕೊಡುವ ಪಾಲಿಸಿ) ಎಷ್ಟಾಗುತ್ತಿತ್ತು, ಉಳಿದದ್ದನ್ನು ಬೇರೆ ಕಡೆ ಹಾಕಿದ್ದರೆ ಎಷ್ಟಾಗುತ್ತಿತ್ತು ಅಂತ ಪಕ್ಕದಲ್ಲೇ ಇನ್ನೊಂದು ಕಾಲಂ ಮಾಡಿ ನೋಡಿ. ಈ ಪಟ್ಟಿಯನ್ನು ಯಾರ ಸಹಾಯವೂ ಇಲ್ಲದೆ ಮಾಡಲು ಬಂದರೆ, ತರಬೇತಿ ಕೋಣೆಯಲ್ಲಿ ಕೂತ ಮುಕ್ಕಾಲುಪಾಲು ಜನಕ್ಕಿಂತ ನೀವು ಮುಂದಿದ್ದೀರಿ.

ಬಾಯಿಲೆಕ್ಕಕ್ಕೆ 72ರ ಸೂತ್ರ ಇದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ದುಪ್ಪಟ್ಟಾಗಲು ಬೇಕಾಗುವ ವರ್ಷ ಸಿಗುತ್ತದೆ. ಶೇ. 6 ಆದರೆ 12 ವರ್ಷ. ‘8 ವರ್ಷದಲ್ಲಿ ಡಬಲ್’ ಅಂತ ಯಾರಾದರೂ ಹೇಳಿದರೆ ಶೇ. 9 ಎಲ್ಲಿಂದ ತರುತ್ತೀರಿ ಅಂತ ಕೇಳಿ.

ಪ್ರಶ್ನೆ: ಲೈಸೆನ್ಸ್ ಪರೀಕ್ಷೆಗೆ ಮಾದರಿ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದಾರೆ. ಪಾಸಾದರೆ ಸಾಕಲ್ವಾ? ಆಮೇಲೆ ಕೆಲಸ ಮಾಡುತ್ತಾ ಕಲಿಯಬಹುದು ಅಂತಾರೆ.

ಉತ್ತರ: ಪಾಸಾದರೆ ಮಾರಲು ಪರವಾನಗಿ ಸಿಗುತ್ತದೆ, ಅಷ್ಟೇ. ಬಾಯಿಪಾಠ ಮಾಡಿ, ಬೇಡ ಅನ್ನುವುದಿಲ್ಲ, ಪರೀಕ್ಷೆ ಪರೀಕ್ಷೆಯೇ. ಆದರೆ ಅದರಲ್ಲಿ ‘ಅಟ್‌ಮೋಸ್ಟ್ ಗುಡ್ ಫೇತ್’ ಅಂತ ಒಂದು ತತ್ವ ಬರುತ್ತದೆ, ಅದನ್ನು ಬಾಯಿಪಾಠಕ್ಕೆ ಬಿಡಬೇಡಿ. ವಿಮೆ ಮಾಡಿಸುವವರು, ಮಾಡುವವರು ಇಬ್ಬರೂ ತಮಗೆ ಗೊತ್ತಿರುವ ಮುಖ್ಯ ಸಂಗತಿಯನ್ನು ಮುಚ್ಚಿಡಬಾರದು ಅನ್ನುವುದು ಅದರ ಸಾರ. ಇದಕ್ಕೆ ಎಲ್ಲರೂ ಹೇಳುವ ಕೇಸು 1766ರದ್ದು, ಕಾರ್ಟರ್ ಮತ್ತು ಬೋಮ್ ನಡುವಿನದ್ದು. ಸುಮಾತ್ರಾದ ಕೋಟೆಯೊಂದರ ಗವರ್ನರ್, ಶತ್ರುಗಳು ಕೋಟೆ ಹಿಡಿದರೆ ಅಂತ ವಿಮೆ ಮಾಡಿಸಿದ್ದ. ಫ್ರೆಂಚರು ಹಿಡಿದೇಬಿಟ್ಟರು. ಕೋಟೆ ದುರ್ಬಲ ಅನ್ನುವುದನ್ನು ಮುಚ್ಚಿಟ್ಟಿದ್ದ ಅಂತ ವಿಮೆ ಕೊಟ್ಟವನು ತಕರಾರು ತೆಗೆದ. ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಆ ತತ್ವವನ್ನು ಸ್ಪಷ್ಟವಾಗಿ ಹೇಳಿ, ಆಮೇಲೆ ತೀರ್ಪು ಕೊಟ್ಟದ್ದು ಮಾತ್ರ ಗವರ್ನರ್ ಪರವಾಗಿ. ಇಷ್ಟು ವಿಷಯ ವಿಮೆ ಕೊಟ್ಟ ನಿನಗೂ ಗೊತ್ತಿರಬೇಕಿತ್ತಲ್ಲ, ಕೇಳಬೇಕಿತ್ತಲ್ಲ ಅನ್ನುವ ಧಾಟಿ. ತರಬೇತಿಯಲ್ಲಿ ಈ ಕೇಸನ್ನು ‘ಗ್ರಾಹಕ ಎಲ್ಲ ಹೇಳಬೇಕು’ ಅನ್ನುವುದಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಗೆದ್ದವರು ಯಾರು ಅಂತ ಹೇಳುವವರು ಕಡಿಮೆ!

ಈಗ ಪ್ರಪೋಸಲ್ ಫಾರ್ಮ್‌ಗೆ, ಅಂದರೆ ಪಾಲಿಸಿ ಬೇಕು ಅಂತ ಗ್ರಾಹಕರು ಕೊಡುವ ಅರ್ಜಿಗೆ ಬನ್ನಿ. ಆರೋಗ್ಯದ ಪುಟ. ಒಂದರ ಕೆಳಗೆ ಒಂದು ಪ್ರಶ್ನೆ, ಪಕ್ಕದಲ್ಲಿ ಹೌದು, ಇಲ್ಲ ಅಂತ ಚೌಕ. ಬಿಪಿ ಇದೆಯಾ, ಶುಗರ್ ಇದೆಯಾ, ಆಪರೇಷನ್ ಆಗಿದೆಯಾ, ತಂಬಾಕು ಇದೆಯಾ, ಹಿಂದೆ ಯಾವುದಾದರೂ ಪಾಲಿಸಿ ತಿರಸ್ಕಾರ ಆಗಿತ್ತಾ. ಹೊಸಬರು ಮಾಡುವುದೇನು ಅಂದರೆ, ಗ್ರಾಹಕರ ಜೊತೆ ಹವಾಮಾನ ಮಾತಾಡುತ್ತಾ ಮೇಲಿನಿಂದ ಕೆಳಗಿನವರೆಗೆ ‘ಇಲ್ಲ’ ಟಿಕ್ ಮಾಡಿ ‘ಇಲ್ಲೊಂದು ಸಹಿ’ ಅಂತಾರೆ. ಈಗ ಸಹಿಯ ಬದಲು ಓಟಿಪಿ, ಇನ್ನೂ ಬೇಗ ಮುಗಿಯುತ್ತದೆ. ‘ಬಿಪಿ ಇದೆಯಾ’ ಅಂತ ಕೇಳಿದರೂ ಎಷ್ಟೋ ಜನ ಇಲ್ಲ ಅಂತಲೇ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ, ದಿನಾ ಮಾತ್ರೆ ತಗೊಂಡು ನಾರ್ಮಲ್ ಇದೆಯಲ್ಲ, ಹಾಗಾಗಿ ‘ಇಲ್ಲ’. ಅದಕ್ಕೇ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ‘ದಿನಾ ಯಾವುದಾದರೂ ಮಾತ್ರೆ ತಗೋತೀರಾ?’ ಆಗ ಹೊರಗೆ ಬರುತ್ತದೆ. ಬಂದದ್ದನ್ನು ಬರೆಯಿರಿ, ಪ್ರೀಮಿಯಂ ಸ್ವಲ್ಪ ಏರಬಹುದು, ಮೆಡಿಕಲ್ ಟೆಸ್ಟ್ ಹೇಳಬಹುದು, ಆ ತಿಂಗಳ ನಿಮ್ಮ ಟಾರ್ಗೆಟ್‌ಗೆ ಸೇರದೆಯೂ ಹೋಗಬಹುದು. ಬರೆಯದಿದ್ದರೆ ಏನಾಗುತ್ತದೆ ಅನ್ನುವುದು ಕ್ಲೇಮ್ ದಿನ ಗೊತ್ತಾಗುತ್ತದೆ. ಕ್ಲೇಮ್ ವಿಭಾಗದವರು ಆಸ್ಪತ್ರೆಯ ಕಾಗದ ತರಿಸುತ್ತಾರೆ, ‘ಐದು ವರ್ಷದಿಂದ ಬಿಪಿಗೆ ಔಷಧಿ’ ಅಂತ ಡಾಕ್ಟರ್ ಬರೆದ ಒಂದೇ ಸಾಲು ಸಾಕು, ಕ್ಲೇಮ್ ತಿರಸ್ಕಾರ ಆಗಲು.

ಹಾಗಾಗಿ ನನ್ನ ಸಲಹೆ ಸ್ವಲ್ಪ ಉಲ್ಟಾ. ಮಾರುವುದನ್ನು ಕಲಿಯುವ ಮುಂಚೆ ಕ್ಲೇಮ್ ನೋಡಿ. ತರಬೇತುದಾರರನ್ನು ಕೇಳಿ, ಕ್ಲೇಮ್ ವಿಭಾಗದಲ್ಲಿ ಕೆಲವು ದಿನ ಕೂರಲು ಬಿಡಿ, ಹೆಸರು ಅಳಿಸಿದ ತಿರಸ್ಕಾರದ ಪತ್ರಗಳನ್ನು ಓದಲು ಕೊಡಿ ಅಂತ. ಕೊಡದಿದ್ದರೆ ಯಾವುದಾದರೂ ಒಂದು ಪಾಲಿಸಿಯ ಪೂರ್ತಿ ದಾಖಲೆ ತಗೊಂಡು ‘ಹೊರಗಿಟ್ಟ ಸಂಗತಿಗಳು’ ಅನ್ನುವ ಭಾಗ ಓದಿ. ಬಣ್ಣದ ಕರಪತ್ರ ಅಲ್ಲ, ಪಾಲಿಸಿ ದಾಖಲೆ.

ಪ್ರಶ್ನೆ: ತರಬೇತಿಯ ಮೊದಲ ದಿನವೇ ಗೊತ್ತಿರುವ 100 ಜನರ ಪಟ್ಟಿ ಬರೆಯಿರಿ ಅಂದರು. ಅಣ್ಣ, ಅತ್ತಿಗೆ, ಸ್ನೇಹಿತರು ಎಲ್ಲ ಬರೆದೆ. ಈಗ ಅವರಿಗೆ ಫೋನ್ ಮಾಡಲು ಮುಜುಗರ. ಏನು ಮಾಡಲಿ?

ಉತ್ತರ: ಮುಜುಗರ ಸರಿಯಾಗಿಯೇ ಇದೆ. ಈ ಪಟ್ಟಿ ಪ್ರಪಂಚದ ಎಲ್ಲ ಕಡೆ ಬರೆಸುತ್ತಾರೆ. ನಿಮಗೆ ಅಭ್ಯಾಸ ಆಗಲಿ ಅನ್ನುವುದು ಒಂದು ಕಾರಣ. ಇನ್ನೊಂದನ್ನು ಹೇಳುವುದಿಲ್ಲ: ನೀವು ಆರು ತಿಂಗಳಲ್ಲಿ ಕೆಲಸ ಬಿಟ್ಟರೂ ನಿಮ್ಮ ಅಣ್ಣ, ಅತ್ತಿಗೆ ಕಂಪನಿಯ ಗ್ರಾಹಕರಾಗಿ ಉಳಿಯುತ್ತಾರೆ. ಏಜೆಂಟ್ ಬಿಟ್ಟು ಹೋದ ಇಂಥ ಪಾಲಿಸಿಗೆ ಧಂದೆಯಲ್ಲಿ ‘ಆರ್ಫನ್ ಪಾಲಿಸಿ’ ಅಂತಾರೆ. ನಾಮಿನಿ ಬದಲಿಸಬೇಕಾದರೂ ಯಾರನ್ನು ಕೇಳುವುದು ಅಂತ ಗೊತ್ತಾಗದೆ ಅವರು ಪುನಃ ನಿಮಗೇ ಫೋನ್ ಮಾಡುತ್ತಾರೆ.

ಪಟ್ಟಿಯನ್ನು ಇಟ್ಟುಕೊಳ್ಳಿ, ಮೊದಲ ಕೆಲವು ತಿಂಗಳು ಮಾರಲು ಬಳಸಬೇಡಿ. ಅವರಲ್ಲಿ ಯಾರ ಬಳಿ ಹಳೇ ಪಾಲಿಸಿ ಇದೆ ಕೇಳಿ, ಅದನ್ನು ಅವರ ಜೊತೆ ಕೂತು ಓದಿ. ಎಷ್ಟು ಮೊತ್ತ, ಯಾವಾಗ ಮುಗಿಯುತ್ತದೆ, ನಾಮಿನಿ ಯಾರು. ತೀರಿಹೋದವರ ಹೆಸರೇ ನಾಮಿನಿಯಾಗಿ ಉಳಿದಿರುವುದು ಬೇಕಾದಷ್ಟು ಸಿಗುತ್ತದೆ. ನಿಮಗೆ ಕಲಿಕೆ, ಅವರಿಗೆ ಉಪಕಾರ. ಅದಾದ ಮೇಲೆ ಅವರಾಗಿಯೇ ಕೇಳಿದರೆ ಮಾರಿ. ಮ್ಯಾನೇಜರ್ ಗೊಣಗುತ್ತಾರೆ, ಗೊಣಗಲಿ.

ಪ್ರಶ್ನೆ: ನಾನು ಜಾಸ್ತಿ ಮಾತಾಡುವವನಲ್ಲ. ಸೇಲ್ಸ್ ಆಗುತ್ತಾ?

ಉತ್ತರ: ಆಗುತ್ತೆ. ಪ್ರಶ್ನೆ ಕೇಳಿ ಸುಮ್ನೆ ಕೂರುವುದು ಬಾಯಿಬಡುಕರಿಗೆ ಬರುವುದಿಲ್ಲ, ನಿಮಗೆ ಬರುತ್ತದೆ. ಮನೆಯಲ್ಲಿ ಯಾರ ಸಂಬಳದ ಮೇಲೆ ಯಾರು ನಿಂತಿದ್ದಾರೆ, ಸಾಲ ಎಷ್ಟಿದೆ, ಮಕ್ಕಳ ಓದು ಮುಗಿಯಲು ಎಷ್ಟು ವರ್ಷ ಬೇಕು, ಇಷ್ಟು ಕೇಳಿ ಬರೆದುಕೊಳ್ಳಲು ಬಂದರೆ ಸಾಕು.

ಪ್ರಶ್ನೆ: ನಾನು ಬ್ಯಾಂಕ್‌ನಲ್ಲಿದ್ದೇನೆ. ಸಾಲಕ್ಕೆ ಬಂದವರಿಗೆ ವಿಮೆಯನ್ನೂ ಮಾರಬೇಕು. ‘ಬೇಡ’ ಅಂದರೆ ಏನು ಹೇಳಬೇಕು ಅಂತ ತರಬೇತಿಯಲ್ಲಿ ಮಾತು ಬರೆದೇ ಕೊಟ್ಟಿದ್ದಾರೆ. ನನಗೆ ಸರಿ ಅನ್ನಿಸುತ್ತಿಲ್ಲ.

ಉತ್ತರ: ಬರೆದುಕೊಟ್ಟ ಮಾತಿನಲ್ಲಿ ಒಂದು ಪ್ರಶ್ನೆ ಇದೆಯಾ ನೋಡಿ: ಈ ಗ್ರಾಹಕರು ಮುಂದೆ ಕ್ಲೇಮ್ ಮಾಡಲು ಅರ್ಹರಾ? ಇಲ್ಲದಿದ್ದರೆ ನೀವೇ ಸೇರಿಸಿಕೊಳ್ಳಿ. ಬ್ರಿಟನ್ನಿನಲ್ಲಿ ಪಿಪಿಐ ಅಂತ ಒಂದು ವಿಮೆ ಇತ್ತು. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಸಾಲದ ಕಂತು ವಿಮೆಯವರು ಕಟ್ಟುವುದು. ಒಳ್ಳೇ ಯೋಚನೆಯೇ. ಆದರೆ ಬ್ಯಾಂಕುಗಳು ಅದನ್ನು ಸ್ವಂತ ಉದ್ಯೋಗದವರಿಗೆ, ನಿವೃತ್ತರಿಗೆ, ಅಂದರೆ ಕೆಲಸ ಹೋಯಿತು ಅಂತ ಕ್ಲೇಮ್ ಮಾಡಲು ಆಗದವರಿಗೂ ಮಾರಿದವು. ಎಷ್ಟೋ ಜನಕ್ಕೆ ತಮ್ಮ ಸಾಲದ ಜೊತೆ ಇಂಥದ್ದೊಂದು ಸೇರಿದೆ ಅಂತಲೇ ಗೊತ್ತಿರಲಿಲ್ಲ. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನ ಆಗಿತ್ತು, ಒಟ್ಟು ವಾಪಸ್ ಕೊಟ್ಟ ಮೊತ್ತ 3,800 ಕೋಟಿ ಪೌಂಡ್ ದಾಟಿತು. ಕೌಂಟರ್‌ನಲ್ಲಿ ಕೂತು ಮಾರಿದವರೂ ನಿಮ್ಮ ಹಾಗೆ ತರಬೇತಿ ಪಡೆದವರೇ, ಅವರಿಗೂ ಟಾರ್ಗೆಟ್ ಇತ್ತು.

ನೀವು ಮಾಡಬಹುದಾದದ್ದು: ಸಾಲಕ್ಕೂ ವಿಮೆಗೂ ಸಂಬಂಧ ಇದೆಯೋ ಇಲ್ಲವೋ, ವಿಮೆ ಬೇಡ ಅಂದರೂ ಸಾಲ ಸಿಗುತ್ತದೋ ಇಲ್ಲವೋ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಯಾರಿಗೆ ಏನು ಹೇಳಿದಿರಿ ಅಂತ ತಾರೀಖು ಹಾಕಿ ನಿಮ್ಮ ಡೈರಿಯಲ್ಲಿ ಎರಡು ಸಾಲು ಬರೆದಿಡಿ. ನಾಳೆ ತಕರಾರು ಬಂದರೆ ಮಾತು ಬರೆದುಕೊಟ್ಟವರು ಪಕ್ಕದಲ್ಲಿ ಇರುವುದಿಲ್ಲ.

ಪ್ರಶ್ನೆ: ಸಂಬಳ ಇಲ್ಲ, ಕಮಿಷನ್ ಮಾತ್ರ. ತರಬೇತಿಗೂ ನಾವೇ ದುಡ್ಡು ಕಟ್ಟಬೇಕಂತೆ. ಸೇರಬಹುದಾ?

ಉತ್ತರ: ಲೈಸೆನ್ಸ್ ಪರೀಕ್ಷೆಯ ಶುಲ್ಕ ನೀವು ಕಟ್ಟುವುದು ಸರಿ. ‘ಸ್ಟಾರ್ಟರ್ ಕಿಟ್’, ‘ಸದಸ್ಯತ್ವ’, ‘ನೀವೇ ಮೊದಲು ಒಂದು ಪಾಲಿಸಿ ತಗೊಳ್ಳಿ’, ‘ಇಬ್ಬರನ್ನು ಸೇರಿಸಿ’ ಅಂದರೆ ಚೀಲ ಎತ್ತಿಕೊಂಡು ಹೊರಡಿ.

ಕಮಿಷನ್ ಬಗ್ಗೆ: ಜೀವ ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ದೊಡ್ಡ ಪಾಲು, ಆಮೇಲೆ ಪ್ರತಿ ವರ್ಷ ಚಿಕ್ಕ ಪಾಲು. ಗ್ರಾಹಕರು ನಡುವೆ ಕಂತು ನಿಲ್ಲಿಸಿದರೆ ಕೆಲವು ಕಡೆ ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುತ್ತಾರೆ, ಅದಕ್ಕೆ ಕ್ಲಾಬ್ಯಾಕ್ ಅಂತಾರೆ. ಸಹಿ ಹಾಕುವ ಮುಂಚೆ ಈ ಷರತ್ತನ್ನು ಹುಡುಕಿ. ಮ್ಯಾನೇಜರ್‌ಗೆ ಇನ್ನೊಂದು ಕೇಳಿ: ನಿಮ್ಮ ಶಾಖೆಯ 13ನೇ ತಿಂಗಳ ಪರ್ಸಿಸ್ಟೆನ್ಸಿ ಎಷ್ಟು? ಅಂದರೆ ಮಾರಿದ ಪಾಲಿಸಿಗಳಲ್ಲಿ ಎಷ್ಟಕ್ಕೆ ಎರಡನೇ ವರ್ಷದ ಕಂತೂ ಬಂತು ಅಂತ. ಥಟ್ಟನೆ ಉತ್ತರ ಬಂದರೆ ಒಳ್ಳೇ ಲಕ್ಷಣ. ಮಾತು ಬದಲಿಸಿ ಕಳೆದ ವರ್ಷದ ವಿದೇಶ ಪ್ರವಾಸದ ಫೋಟೋ ತೋರಿಸಿದರೆ ಅಲ್ಲೂ ಉತ್ತರ ಸಿಕ್ಕಿದ ಹಾಗೆಯೇ. ಕಮಿಷನ್ ಶುರುವಾಗಿ ಒಂದು ಹದಕ್ಕೆ ಬರುವವರೆಗೆ ಮನೆ ಖರ್ಚಿಗೆ ಉಳಿತಾಯ ಇಲ್ಲದಿದ್ದರೆ ಸಂಬಳದ ಹುದ್ದೆ ಹುಡುಕಿ, ಸಣ್ಣದಾದರೂ ಪರವಾಗಿಲ್ಲ. ಕೈ ಖಾಲಿ ಇರುವ ಏಜೆಂಟ್ ತಪ್ಪು ಪಾಲಿಸಿಯನ್ನೇ ಮಾರುವುದು.

ಪ್ರಶ್ನೆ: ನನಗೆ 44. ಬೇರೆ ಕೆಲಸ ಬಿಟ್ಟು ಇದಕ್ಕೆ ಬರುತ್ತಿದ್ದೇನೆ. ಯಾವ ಸರ್ಟಿಫಿಕೇಟ್ ಮಾಡಿದರೆ ಒಳ್ಳೇದು?

ಉತ್ತರ: 44 ತಡ ಅಲ್ಲ. ಸಾಲ, ಆಸ್ಪತ್ರೆ, ಮಕ್ಕಳ ಫೀಸು ಎಲ್ಲ ನೋಡಿದವರ ಮಾತನ್ನು ಜನ ಕೇಳುತ್ತಾರೆ. ಮೊದಲು ಲೈಸೆನ್ಸ್ ಪರೀಕ್ಷೆ ಮುಗಿಸಿ, ಒಂದು ವರ್ಷ ಕೆಲಸ ಮಾಡಿ, ಆಮೇಲೆ ದೊಡ್ಡದಕ್ಕೆ ಕೈ ಹಾಕಿ. ವಿಮೆಯೊಂದರಲ್ಲೇ ಆಳಕ್ಕೆ ಹೋಗಬೇಕಾದರೆ ಲಂಡನ್ನಿನ ಚಾರ್ಟರ್ಡ್ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್‌ನ ಪರೀಕ್ಷೆಗಳಿವೆ, 1912ರಲ್ಲಿ ರಾಜಸನ್ನದು ಪಡೆದ ಸಂಸ್ಥೆ ಅದು. ಹೂಡಿಕೆ, ತೆರಿಗೆ, ನಿವೃತ್ತಿ ಎಲ್ಲ ಸೇರಿಸಿ ಸಲಹೆ ಕೊಡಬೇಕಾದರೆ ಸಿಎಫ್‌ಪಿ, ಅಂದರೆ ಸರ್ಟಿಫೈಡ್ ಫೈನಾನ್ಷಿಯಲ್ ಪ್ಲಾನರ್. 1973ರಲ್ಲಿ ಅಮೆರಿಕದಲ್ಲಿ ಮೊದಲ ತಂಡ ಹೊರಬಂದಾಗ ಇದ್ದವರು 42 ಜನ, ಈಗ ಹಲವು ದೇಶಗಳಲ್ಲಿದೆ.

ಎಂಡಿಆರ್‌ಟಿ (ಮಿಲಿಯನ್ ಡಾಲರ್ ರೌಂಡ್ ಟೇಬಲ್) ಅನ್ನುವುದನ್ನು ವಿಸಿಟಿಂಗ್ ಕಾರ್ಡ್‌ನಲ್ಲಿ ನೋಡಿ ಅದೂ ಕೋರ್ಸು ಅಂದುಕೊಳ್ಳಬೇಡಿ. 1927ರಲ್ಲಿ 32 ಜನ ಏಜೆಂಟರು ಅಮೆರಿಕದ ಮೆಂಫಿಸ್‌ನಲ್ಲಿ ಸೇರಿ ಶುರು ಮಾಡಿದ ಸಂಘ ಅದು. ಒಳಗೆ ಹೋಗುವುದು ನೀವು ಎಷ್ಟು ಮಾರಿದಿರಿ ಅನ್ನುವುದರ ಮೇಲೆ, ಎಷ್ಟು ಓದಿದಿರಿ ಅನ್ನುವುದರ ಮೇಲಲ್ಲ. ಗೌರವವೇ, ಆದರೆ ಬೇರೆ ಥರದ್ದು.

ಯಾವುದು ಬೇಕಾದರೂ ಮಾಡಿ, ಓದನ್ನು ಮುಂದೂಡಬೇಡಿ. ಬ್ರಿಟನ್ 2012ರ ಕೊನೆಯಲ್ಲಿ ಹೂಡಿಕೆ ಸಲಹೆಗೆ ಕಮಿಷನ್ ಪಡೆಯುವುದನ್ನೇ ನಿಲ್ಲಿಸಿತು, ಶುಲ್ಕವನ್ನು ಗ್ರಾಹಕರಿಂದಲೇ ತಗೊಳ್ಳಿ ಅಂದಿತು, ಸಲಹೆಗಾರರಿಗೆ ಬೇಕಾದ ಅರ್ಹತೆಯನ್ನೂ ಏರಿಸಿತು. ಹೂಡಿಕೆ ಸೇರದ ಜೀವ ವಿಮೆಯ ಕಮಿಷನ್ ಅಲ್ಲಿ ಉಳಿಯಿತು. ಇಂಥ ನಿಯಮ ಬೇರೆ ಕಡೆಗೂ ಬಂದರೆ, ಗ್ರಾಹಕರು ಸಲಹೆಗೆ ನೇರವಾಗಿ ದುಡ್ಡು ಕೊಡುವಷ್ಟು ವಿಷಯ ನಿಮ್ಮ ಹತ್ತಿರ ಇರಬೇಕಾಗುತ್ತದೆ.

ಪ್ರಶ್ನೆ: ಟೈ ಕಟ್ಟಲೇಬೇಕಾ?

ಉತ್ತರ: ಕಂಪನಿಯ ನಿಯಮ ಇದ್ದರೆ ಕಟ್ಟಿ, ಇಲ್ಲದಿದ್ದರೆ ಬೇಡ. ಪೆನ್ನು ಮಾತ್ರ ಎರಡು ಇಟ್ಟುಕೊಳ್ಳಿ.