ಬೈಕನ್ನು ಸಮುದ್ರ ದಾಟಿಸುವ ಮುಂಚೆ

ನೀವು ಕೇಳಿದ್ದು: ತಿಂಗಳುಗಟ್ಟಲೆ ಬೈಕಿನಲ್ಲೇ ಸುತ್ತುತ್ತಿದ್ದೇನೆ, ಇಲ್ಲಿಗೆ ರಸ್ತೆ ಮುಗಿಯಿತು, ಮುಂದಿನ ಖಂಡಕ್ಕೆ ಬೈಕನ್ನು ಹಡಗಿನಲ್ಲೋ ವಿಮಾನದಲ್ಲೋ ಕಳಿಸಬೇಕು. ಹೇಗೆ ಸಿದ್ಧ ಮಾಡಲಿ? ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಏನು ಬಳಿಯಲಿ?

ಬಳಿಯುವ ವಿಷಯ ಆಮೇಲೆ ಹೇಳುತ್ತೇನೆ, ಅದು ಅಂಥ ದೊಡ್ಡದಲ್ಲ. ನಾನು ಮೂರು ಸಲ ಬೈಕ್ ಕಳಿಸಿದ್ದೇನೆ, ಎರಡು ಸಲ ಹಡಗಿನಲ್ಲಿ, ಒಂದು ಸಲ ವಿಮಾನದಲ್ಲಿ. ಉಪ್ಪಿನಿಂದ ಒಮ್ಮೆಯೂ ಹಾಳಾಗಿಲ್ಲ. ಆದ ತೊಂದರೆಯೆಲ್ಲ ನಾನು ಪಕ್ಕದಲ್ಲಿ ಇಲ್ಲದಾಗ ಯಾರೋ ಅದನ್ನು ಎತ್ತಿದ್ದರಿಂದ, ಕಟ್ಟಿದ್ದರಿಂದ, ಇಲ್ಲವೇ ಟಾರ್ಚ್ ಹಿಡಿದು ಕೆಳಗಿನಿಂದ ಬಗ್ಗಿ ನೋಡಿದ್ದರಿಂದ. ಇಷ್ಟು ದಿನ ಬೈಕಿಗೆ ಏನಾದರೂ ನೀವಿದ್ದಿರಿ. ಇನ್ನು ಐದಾರು ವಾರ ಅದರ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. ಸಿದ್ಧತೆ ಅಂದರೆ ಅಷ್ಟೇ, ನೀವಿಲ್ಲದಾಗ ಬರುವ ಪ್ರಶ್ನೆಗಳಿಗೆಲ್ಲ ಬೈಕೇ ಉತ್ತರ ಕೊಡುವ ಹಾಗೆ ಮಾಡಿಡುವುದು.

ಮೊದಲು ಅಳತೆ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮುಂಚೆ ಟೇಪು ತೆಗೆದುಕೊಳ್ಳಿ. ವಿಮಾನದವರು ತೂಕಕ್ಕೆ ದುಡ್ಡು ಕೇಳುತ್ತಾರೆ ಅಂತ ಅಂದುಕೊಂಡಿದ್ದೆ. ಅವರು ಕೇಳುವುದು ತೂಕ ಮತ್ತು ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ. ಒಂದು ಘನ ಮೀಟರ್ ಜಾಗವನ್ನು ಸುಮಾರು 167 ಕಿಲೋ ಅಂತ ಲೆಕ್ಕ ಹಾಕುತ್ತಾರೆ. ಬೈಕನ್ನು ಇದ್ದ ಹಾಗೇ ನಿಲ್ಲಿಸಿ ಸುತ್ತ ಪೆಟ್ಟಿಗೆ ಹೊಡೆದರೆ 2.2 ಮೀಟರ್ ಉದ್ದ, 0.9 ಅಗಲ, 1.3 ಎತ್ತರ ಬಂತು ಅಂದುಕೊಳ್ಳಿ. ಅದು 430 ಕಿಲೋ ಲೆಕ್ಕ. ಮುಂದಿನ ಚಕ್ರ, ಕನ್ನಡಿ, ಗಾಳಿತಡೆ ಗಾಜು ಬಿಚ್ಚಿ, ಹ್ಯಾಂಡಲ್ ಸಡಿಲಿಸಿ ಟ್ಯಾಂಕಿನ ಕಡೆ ತಿರುಗಿಸಿ, ಪಕ್ಕದ ಪೆಟ್ಟಿಗೆಗಳನ್ನು ಕಳಚಿ ಎಂಜಿನ್ ಪಕ್ಕದ ಖಾಲಿ ಜಾಗಕ್ಕೆ ತುರುಕಿದರೆ ಅದೇ ಬೈಕು 1.9, 0.8, 1.05ಕ್ಕೆ ಇಳಿಯುತ್ತದೆ. ಲೆಕ್ಕ 266 ಕಿಲೋ. ಇನ್ನೂರು ಕಿಲೋ ಬೈಕು, ಅರವತ್ತು ಕಿಲೋ ಮರ, ಅಂದರೆ ಈಗ ಹೆಚ್ಚುಕಡಿಮೆ ನಿಜವಾದ ತೂಕಕ್ಕೇ ದುಡ್ಡು ಕೊಡುತ್ತಿದ್ದೀರಿ. ಮೊದಲಿನ ಲೆಕ್ಕದಲ್ಲಿ ಉಳಿದದ್ದೆಲ್ಲ ಗಾಳಿಯ ಬಾಡಿಗೆ. ಹಡಗಿನಲ್ಲಿ, ಬೇರೆಯವರ ಸರಕಿನ ಜತೆ ಒಂದೇ ಕಂಟೇನರ್ ಹಂಚಿಕೊಂಡರೆ ಅಲ್ಲೂ ಘನ ಮೀಟರೇ ಲೆಕ್ಕ.

ಕ್ರೇಟ್, ಅಂದರೆ ಬೈಕನ್ನು ಕೂರಿಸಿ ಕಳಿಸುವ ಆ ಪೆಟ್ಟಿಗೆ, ಎಲ್ಲಿ ಸಿಗುತ್ತದೆ? ಹೊಸ ಬೈಕುಗಳು ಡೀಲರ್‌ಗೆ ಬರುವುದೇ ಕಬ್ಬಿಣದ ಚೌಕಟ್ಟಿನ ಕ್ರೇಟಿನಲ್ಲಿ. ಬಿಚ್ಚಿದ ಮೇಲೆ ಅವರಿಗೆ ಅದು ಗುಜರಿ. ನಿಮ್ಮ ಬೈಕಿನಷ್ಟೇ ದೊಡ್ಡ ಮಾಡೆಲ್ ಮಾರುವವರನ್ನು ಹುಡುಕಿ ಕೇಳಿ. ಮರದ್ದೇ ಆದರೆ ಹಲಗೆಯ ಮೇಲೆ ಗೋಧಿ ತೆನೆಯಂಥ ಗುರುತೂ 'ಎಚ್‌ಟಿ' ಅಕ್ಷರಗಳೂ ಮುದ್ರೆಯಾಗಿವೆಯೇ ನೋಡಿಕೊಳ್ಳಿ. ಆ ಮರವನ್ನು ಒಳಗಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ಹುಳ ಸಾಯಿಸಿದ್ದಾರೆ ಎಂದು ಅದರ ಅರ್ಥ. ಮುದ್ರೆಯಿಲ್ಲದ ಹಸಿ ಹಲಗೆ ಬಂದರಿನಲ್ಲಿ ಸಿಕ್ಕಿಬಿದ್ದರೆ ಒಳಗಿರುವ ಬೈಕು ಎಷ್ಟು ಚೊಕ್ಕವಾಗಿದ್ದರೂ ಉಪಯೋಗವಿಲ್ಲ. ಪ್ಲೈವುಡ್‌ಗೆ ಈ ಮುದ್ರೆ ಬೇಕಿಲ್ಲ.

ಇನ್ನು ಕಟ್ಟುವುದು. ಇದರಲ್ಲಿ ನಾನು ಪೆಟ್ಟು ತಿಂದವನು. ಮೊದಲ ಸಲ ಪ್ಯಾಕಿಂಗ್‌ನವರ ಮೇಲೆ ಭಾರ ಹಾಕಿ ಹೋಟೆಲಿಗೆ ಹೋಗಿ ಮಲಗಿದೆ. ಅವರು ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೇ ನಿಲ್ಲಿಸಿ, ಹ್ಯಾಂಡಲ್‌ನ ಎರಡು ತುದಿಗೆ ಬೆಲ್ಟ್ ಬಿಗಿದು ಮುಚ್ಚಳ ಹೊಡೆದಿದ್ದರು. ಐದು ವಾರದ ನಂತರ ತೆರೆದು ನೋಡಿದರೆ ಸ್ಟ್ಯಾಂಡು ಪ್ಲೈವುಡ್ ನೆಲವನ್ನು ತೂತು ಮಾಡಿಕೊಂಡು ಇಳಿದಿದೆ, ಬೆಲ್ಟ್ ಜೋತುಬಿದ್ದಿದೆ, ಬೈಕು ಕುಡಿದವನ ಹಾಗೆ ಗೋಡೆಗೆ ಒರಗಿ ನಿಂತಿದೆ. ಕ್ಲಚ್ ಲಿವರ್ ಬಾಗಿತ್ತು, ಟ್ಯಾಂಕಿನಲ್ಲಿ ಅಂಗೈಯಗಲ ತಗ್ಗು. ದೂರು ಕೊಡಲು ನನ್ನ ಬಳಿ ಕಟ್ಟುವಾಗಿನ ಒಂದು ಫೋಟೋ ಕೂಡ ಇರಲಿಲ್ಲ.

ಹಾಗಾಗಿ ಸೈಡ್ ಸ್ಟ್ಯಾಂಡೂ ಬೇಡ, ಸೆಂಟರ್ ಸ್ಟ್ಯಾಂಡೂ ಬೇಡ, ಎರಡನ್ನೂ ಮಡಚಿ. ಚಕ್ರ ಬಿಚ್ಚಿದ್ದರೆ ಮುಂದಿನ ಆಕ್ಸಲ್ಲನ್ನು (ಚಕ್ರದ ನಡುವಿನ ಅಚ್ಚು) ಫೋರ್ಕಿಗೆ, ಅಂದರೆ ಚಕ್ರ ಹಿಡಿಯುವ ಎರಡು ಕಾಲುಗಳಿಗೆ, ವಾಪಸ್ ಹಾಕಿ, ನೆಲಕ್ಕೆ ಬೋಲ್ಟ್ ಮಾಡಿದ ದಪ್ಪ ಮರದ ತುಂಡಿಗೆ ಅದನ್ನು ಗಟ್ಟಿಮಾಡಿ. ಹಿಂದಿನ ಚಕ್ರದ ಎರಡೂ ಕಡೆ ಅಡ್ಡಪಟ್ಟಿ ಹೊಡೆಯಿರಿ. ಬೆಲ್ಟುಗಳು ನಾಲ್ಕು. ಮುಂದಿನವು ಫೋರ್ಕಿನ ಕೆಳಗಿನ ಕ್ಲ್ಯಾಂಪಿನಿಂದ ಮುಂದಕ್ಕೆ, ಹಿಂದಿನವು ಚೌಕಟ್ಟಿನಿಂದ ಹಿಂದಕ್ಕೆ ಎಳೆಯುವಂತಿರಲಿ. ಬೆಲ್ಟಿನ ಕಬ್ಬಿಣದ ಕೊಕ್ಕೆ ಎಲ್ಲೂ ಬಣ್ಣಕ್ಕೆ ತಾಗಬಾರದು, ನಡುವೆ ಬಟ್ಟೆಯ ಕುಣಿಕೆ ಹಾಕಿ. ಸಸ್ಪೆನ್ಷನ್ ಅರ್ಧದಷ್ಟು ಕುಗ್ಗಿದರೆ ಸಾಕು. ಪೂರ್ತಿ ಕುಗ್ಗಿಸಿ ಕಟ್ಟಿದರೆ ಹಡಗು ಓಲಾಡುವಾಗ ಬರುವ ಒದೆತವೆಲ್ಲ ನೇರ ಫ್ರೇಮಿಗೆ. ಕಟ್ಟಿದ ಮೇಲೆ ಬೈಕನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಬೈಕು ಮತ್ತು ಕ್ರೇಟ್ ಒಂದೇ ವಸ್ತುವಿನ ಹಾಗೆ ಅಲ್ಲಾಡಬೇಕು. ಫೋಟೋ ತೆಗೆಯಿರಿ, ಎಲ್ಲ ಕಡೆಯಿಂದ, ಓಡೋಮೀಟರ್ ಸಮೇತ. ಬಿಚ್ಚಿದ ಬೋಲ್ಟುಗಳನ್ನು ಚೀಲಕ್ಕೆ ಹಾಕಬೇಡಿ, ಅವು ಬಂದ ತೂತಿಗೇ ತಿರುಗಿಸಿ ಕೂರಿಸಿ.

ಟ್ಯಾಂಕು ಮತ್ತು ಬ್ಯಾಟರಿಯ ವಿಷಯ ಸರಳ, ಆದರೆ ಮಾತಿಗೆ ಅವಕಾಶವಿಲ್ಲ. ಬೈಕು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ವಿಮಾನಕ್ಕೆ ಟ್ಯಾಂಕಿನ ಕಾಲು ಭಾಗಕ್ಕಿಂತ ಹೆಚ್ಚು ಪೆಟ್ರೋಲ್ ಇರಕೂಡದು, ಹಡಗಿನವರು ಸಾಮಾನ್ಯವಾಗಿ ಪೂರ್ತಿ ಖಾಲಿ ಕೇಳುತ್ತಾರೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿ, ತುದಿಗಳಿಗೆ ಟೇಪ್ ಸುತ್ತಿ. ಬೈಕಿನದ್ದನ್ನೆಲ್ಲ ಸರಿಯಾಗಿ ಮಾಡಿದವರೂ ಎಡವುವುದು ಸಾಮಾನಿನ ಪೆಟ್ಟಿಗೆಯಲ್ಲಿ. ಚೈನಿಗೆ ಹೊಡೆಯುವ ಸ್ಪ್ರೇ ಡಬ್ಬಿ, ಕ್ಯಾಂಪಿನ ಒಲೆಯ ಗ್ಯಾಸ್, ಪವರ್ ಬ್ಯಾಂಕ್, ಪಂಕ್ಚರ್ ಕಿಟ್ಟಿನ ಸಣ್ಣ ಗಾಳಿ ಸಿಲಿಂಡರ್, ಇವುಗಳಲ್ಲಿ ಒಂದು ಎಕ್ಸ್‌ರೇಯಲ್ಲಿ ಕಂಡರೂ ಇಡೀ ಕ್ರೇಟ್ ಪಕ್ಕಕ್ಕೆ ಹೋಗಿ ಕೂರುತ್ತದೆ. ತಿಂಗಳುಗಟ್ಟಲೆ ಜತೆಗಿಟ್ಟುಕೊಂಡ ಡಬ್ಬಿ ಕಣ್ಣಿಗೇ ಬೀಳುವುದಿಲ್ಲ. ಎಲ್ಲ ಪೆಟ್ಟಿಗೆ ನೆಲಕ್ಕೆ ಸುರಿದು ಮತ್ತೆ ತುಂಬಿ.

ಮುಂದೆ ಮಣ್ಣು. ಹೋಗುವುದು ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡಿಗಾದರೆ ಬಳಿಯುವ ಎಣ್ಣೆಯನ್ನು ಮರೆತು ಬ್ರಷ್ ಹಿಡಿಯಿರಿ. ಬೇರೆ ನೆಲದ ಮಣ್ಣು, ಬೀಜ, ಹುಳು ಒಳಗೆ ಬರಬಾರದು ಎಂಬುದರಲ್ಲಿ ಆ ಎರಡು ದೇಶಗಳಷ್ಟು ಕಟ್ಟುನಿಟ್ಟು ನಾನು ಬೇರೆಲ್ಲೂ ಕಂಡಿಲ್ಲ. ನಾನು ಎರಡು ದಿನ ತೊಳೆದಿದ್ದೆ. ಮಡ್‌ಗಾರ್ಡ್ ಒಳಗೆ, ಎಂಜಿನ್ ಕೆಳಗಿನ ತಗಡನ್ನು ಬಿಚ್ಚಿ ಅದರ ಹಿಂದೆ, ರೇಡಿಯೇಟರ್ ಕಿಂಡಿಗಳಲ್ಲಿ ಸಿಕ್ಕ ಹುಳುಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ. ಅಧಿಕಾರಿ ಬಂದವರು ಬೈಕನ್ನು ಹೊಗಳಿದರು, ಏರ್ ಫಿಲ್ಟರ್ ಡಬ್ಬಿ ತೆಗೆಸಿದರು, ಒಳಗಿಂದ ಒಂದು ಹುಲ್ಲಿನ ಬೀಜ ಎತ್ತಿ ತೋರಿಸಿದರು. ಮತ್ತೆ ತೊಳೆಸುವ ಖರ್ಚು ನನ್ನದೇ. ಟೈರಿನ ಗೆರೆಗಳು, ಬೂಟಿನ ಅಡಿ, ಡೇರೆಯ ಮೊಳೆಗಳೂ ಲೆಕ್ಕಕ್ಕೆ ಬರುತ್ತವೆ. ತೊಳೆದ ಮೇಲೆ ಮಳೆಯಲ್ಲಿ ಓಡಿಸಿಕೊಂಡು ಗೋದಾಮಿಗೆ ಹೋದರೆ ಎರಡು ದಿನದ ಕೆಲಸ ಹತ್ತು ನಿಮಿಷದಲ್ಲಿ ನೀರುಪಾಲು. ಇನ್ನೊಂದು ಮಾತು: ಒಂದು ಬಗೆಯ ಗಬ್ಬುವಾಸನೆಯ ತಿಗಣೆ ಬರದಂತೆ, ಸೆಪ್ಟೆಂಬರ್ 1ರಿಂದ ಏಪ್ರಿಲ್ 30ರ ನಡುವೆ, ಅವರ ಪಟ್ಟಿಯಲ್ಲಿರುವ ದೇಶಗಳಿಂದ ಹಡಗಿನಲ್ಲಿ ಹೊರಡುವ ವಾಹನಗಳನ್ನು ಕಾಯಿಸುವುದು ಇಲ್ಲವೇ ವಿಷದ ಹೊಗೆ ಹಾಕುವುದು ಕಡ್ಡಾಯ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಆ ತಿಂಗಳುಗಳನ್ನು ತಪ್ಪಿಸಿ.

ಕಾಗದಪತ್ರದಲ್ಲಿ ಚಾಸಿಸ್ ನಂಬರೇ ಜೀವ. ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್‌ನ (ಸರಕು ಪಡೆದದ್ದಕ್ಕೆ ಕೊಡುವ ಸಾಗಣೆ ರಸೀದಿ) ಕರಡು ಬಂದ ಕೂಡಲೇ 17 ಅಕ್ಷರಗಳನ್ನೂ ಬೆರಳಿಟ್ಟು, ಬೈಕಿನ ಮೇಲೆ ಕೊರೆದದ್ದರ ಜತೆ ಹೋಲಿಸಿ. ಒಂದು ಸುಳಿವು: 17 ಅಕ್ಷರದ ಆ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜತೆ ಗೊಂದಲ ಆಗಬಾರದೆಂದು. ಕರಡಿನಲ್ಲಿ ಓ ಕಂಡರೆ ಟೈಪ್ ಮಾಡಿದವರು ಎಡವಿದ್ದಾರೆ ಅಂತಲೇ. ಬಿಟ್ಟು ಹೋಗುವ ದೇಶದಲ್ಲಿ ತಾತ್ಕಾಲಿಕ ಆಮದು ಪರವಾನಗಿ ಇದ್ದರೆ ಅದನ್ನು ಮುಚ್ಚಿಸಿ, ಕಾರ್ನೆ (ಠೇವಣಿ ಇಟ್ಟು ಪಡೆಯುವ, ವಾಹನದ ಪಾಸ್‌ಪೋರ್ಟಿನಂಥ ಕಸ್ಟಮ್ಸ್ ಪುಸ್ತಕ) ಇದ್ದರೆ ನಿರ್ಗಮನದ ಮುದ್ರೆ ಹಾಕಿಸಿ. ಈ ಮುದ್ರೆ ಬೀಳದಿದ್ದರೆ ಬೈಕು ಕಾಗದದ ಮೇಲೆ ಆ ದೇಶದಲ್ಲೇ ಉಳಿದುಬಿಡುತ್ತದೆ, ನಿಮ್ಮ ಠೇವಣಿಯೂ ಅದರ ಜತೆ.

ವಿಮೆ ಮಾಡಿಸಿ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ನಿಂತದ್ದು ನೆನಪಿರಬೇಕು. ಅದರ ಮಾಲೀಕರು ಆಮೇಲೆ 'ಜನರಲ್ ಆವರೇಜ್' ಘೋಷಿಸಿದರು. ಹಡಗನ್ನು ಉಳಿಸಿಕೊಳ್ಳಲು ಆದ ಖರ್ಚನ್ನು ಅದರಲ್ಲಿದ್ದ ಸರಕಿನ ಮಾಲೀಕರೆಲ್ಲ ಪಾಲು ಹಾಕಿಕೊಳ್ಳಬೇಕೆಂಬ ಹಳೇ ಕಡಲ ಕಾನೂನು ಅದು. ವಿಮೆ ಇದ್ದವರ ಪರವಾಗಿ ವಿಮೆಯವರು ಖಾತರಿ ಕೊಡುತ್ತಾರೆ. ಇಲ್ಲದವರು ಕೈಯಿಂದ ಠೇವಣಿ ಕಟ್ಟುವವರೆಗೆ ಸರಕು ಕೈಗೆ ಬರುವುದಿಲ್ಲ, ಬೈಕಿಗೆ ಒಂದು ಗೀರೂ ಆಗಿರದಿದ್ದರೂ. ಪಾಲಿಸಿಯಲ್ಲಿ ಪೂರ್ತಿ ನಷ್ಟಕ್ಕೆ ಮಾತ್ರವೇ ಅಥವಾ ತಗ್ಗು ಗೀರಿಗೂ ಪರಿಹಾರವೇ ಅಂತ ಓದಿ ಸಹಿ ಹಾಕಿ.

ದರ ಕೇಳುವಾಗ ತಲುಪುವ ಬಂದರಿನ ಖರ್ಚುಗಳನ್ನೂ ಬರೆದು ಕೊಡಿ ಅಂತ ಹಟ ಹಿಡಿಯಿರಿ. ಹಂಚಿಕೊಂಡ ಕಂಟೇನರಿನಲ್ಲಿ ಸಾಗಣೆ ಅಗ್ಗ ಕಾಣುತ್ತದೆ. ಇಳಿಸುವುದು, ಗೋದಾಮು, ದಾಖಲೆ, ಕಸ್ಟಮ್ಸ್ ಏಜೆಂಟ್ ಅಂತ ಆ ಕಡೆ ಸೇರುತ್ತಾ ಹೋದರೆ ಮೂಗಿಗಿಂತ ಮೂಗುತಿ ಭಾರ. ಪನಾಮಾ ಮತ್ತು ಕೊಲಂಬಿಯಾ ನಡುವೆ ಡೇರಿಯನ್ ಕಾಡಿನಲ್ಲಿ ಸುಮಾರು ನೂರು ಕಿಲೋಮೀಟರ್ ರಸ್ತೆಯೇ ಇಲ್ಲ. ಅಲ್ಲಿ ಸವಾರರು ಒಬ್ಬರನ್ನೊಬ್ಬರು ಹುಡುಕಿಕೊಂಡು ಇಡೀ ಕಂಟೇನರನ್ನೇ ಒಟ್ಟಿಗೆ ಹಿಡಿಯುತ್ತಾರೆ, ಕ್ರೇಟ್ ಇಲ್ಲದೆ ಬೈಕುಗಳನ್ನು ಸಾಲಾಗಿ ಕಟ್ಟುತ್ತಾರೆ. ಜತೆಗಾರರು ಸಿಕ್ಕರೆ ಎಲ್ಲಿದ್ದರೂ ಇದೇ ಒಳ್ಳೆಯದು, ಕಟ್ಟುವಾಗ ನೀವೇ ನಿಂತಿರಬಹುದು.

ಈಗ ಎಣ್ಣೆ. ಬೋಲ್ಟಿನ ತಲೆಗಳಿಗೆ, ತಂತಿಯ ಜೋಡಣೆಗಳಿಗೆ ತೆಳುವಾಗಿ ತುಕ್ಕುನಿರೋಧಕ ಸ್ಪ್ರೇ, ಚೈನಿಗೆ ಎಣ್ಣೆ, ಬ್ರೇಕ್ ಡಿಸ್ಕಿಗೆ ಮಾತ್ರ ಏನೂ ತಾಗಬಾರದು. ಬೈಕನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ. ಹಗಲು ಕಾದು ರಾತ್ರಿ ತಣಿಯುವ ಕಂಟೇನರಿನಲ್ಲಿ ಒಳಗಡೆಯೇ ನೀರಿನ ಹನಿ ಕೂರುತ್ತದೆ. ಹಳೇ ಹತ್ತಿಯ ಚಾದರ ಸಾಕು.

ತೆರೆಯುವ ದಿನಕ್ಕೆ ಬೇಕಾದ ಸ್ಪ್ಯಾನರ್, ಆಕ್ಸಲ್ ಕೀ, ಮೊಳೆ ಕೀಳುವ ಕಬ್ಬಿಣ ಕ್ರೇಟಿನ ಒಳಗಿದ್ದರೆ ಹೊರಗಿನಿಂದ ನೋಡುತ್ತಾ ನಿಲ್ಲಬೇಕಾಗುತ್ತದೆ, ನಿಮ್ಮ ಲಗೇಜಿನಲ್ಲೇ ಹಾಕಿಕೊಳ್ಳಿ. ಗೋದಾಮಿಗೆ ಹೋಗುವ ದಾರಿಯಲ್ಲಿ ಒಂದು ಕ್ಯಾನಿನಲ್ಲಿ ಎರಡು ಲೀಟರ್ ಪೆಟ್ರೋಲ್ ಹಿಡಿದುಕೊಳ್ಳಿ. ಖಾಲಿ ಕ್ರೇಟ್ ಬಿಸಾಡುವುದು ಯಾರ ಕೆಲಸ ಅಂತ ಮೊದಲೇ ಕೇಳಿ, ಕೆಲವು ಕಡೆ ಅದಕ್ಕೂ ದುಡ್ಡು. ಚಕ್ರ ಕೂರಿಸಿದ ಮೇಲೆ ಹೊರಡುವ ಮುಂಚೆ ಮುಂದಿನ ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ, ಹಿಂದಕ್ಕೆ ಸರಿದಿದ್ದ ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಬಂದು ಕೂರಲು ಅಷ್ಟು ಬೇಕು. ಆಮೇಲೆ ಕ್ರೇಟಿನ ಮೂಲೆಗಳಲ್ಲಿ ಒಮ್ಮೆ ಕೈಯಾಡಿಸಿ. ನನ್ನ ಎಡಗಡೆಯ ಕನ್ನಡಿ ಇನ್ನೂ ಯಾವುದೋ ಬಂದರಿನ ಕಸದ ರಾಶಿಯಲ್ಲಿದೆ.