ಅಪ್ಪನ ಟ್ರಂಕು, ಅವ್ವನ ಎರಡು ಹೆಸರು

ಪ್ರಶ್ನೆ: ನಮ್ಮ ತಂದೆಯವರಿಗೆ 76 ವರ್ಷ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಠೇವಣಿ ರಸೀದಿ, ವಿಮೆ ಪಾಲಿಸಿ, ಮನೆಯ ಉತಾರ, ಕುಂದಗೋಳದ ಕಡೆಯ ಹೊಲದ ಕಾಗದ ಎಲ್ಲವೂ ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಬೀಗದ ಕೈ ಅವರ ಉಡದಾರದಲ್ಲಿದೆ. ಅವ್ವನಿಗೆ ಓದಲು ಬಾರದು. ಈ ಮಾತು ತೆಗೆದರೆ ತಂದೆ, "ನಾ ಹೋಗೂದನ್ನ ಕಾಯಾಕತ್ತೀರೇನು?" ಎಂದು ಸಿಟ್ಟಾಗುತ್ತಾರೆ. ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಟ್ರಂಕಿನ ಬೀಗ ಸದ್ಯ ಹಾಗೆಯೇ ಇರಲಿ. ಪಿಂಚಣಿದಾರರು ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಲೇಬೇಕಲ್ಲವೇ, ಈ ಸಲ ತಂದೆಯವರ ಜೊತೆ ನೀವೂ ಹೋಗಿ, ಅವರ ಪಿಂಚಣಿ ಪಾವತಿ ಆದೇಶವನ್ನು, ಅಂದರೆ ಎಲ್ಲರೂ ಪಿಪಿಒ ಎನ್ನುವ ಕಾಗದವನ್ನು, ಒಮ್ಮೆ ಓದಿ. ಅದರಲ್ಲಿ ತಾಯಿಯವರ ಹೆಸರು ಮತ್ತು ಜನ್ಮದಿನಾಂಕ ಸರಿಯಾಗಿವೆಯೇ ಎಂಬುದನ್ನು ಮೊದಲು ನೋಡಬೇಕು. ತಂದೆಯವರ ನಂತರ ತಾಯಿಯವರಿಗೆ ಬರುವುದು ಕುಟುಂಬ ಪಿಂಚಣಿ. ಅದನ್ನು ಪಡೆಯುವವರಿಗೆ 80 ವರ್ಷ ತುಂಬಿದಾಗ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40ರಷ್ಟು ಹೆಚ್ಚುವರಿ ಮೊತ್ತ ಸಿಗುತ್ತದೆ; ಜನ್ಮದಿನಾಂಕ ನಮೂದಾಗಿರದಿದ್ದರೆ ಅದನ್ನು ಸಾಬೀತುಪಡಿಸಲು ಆ ವಯಸ್ಸಿನಲ್ಲಿ ಅವರೇ ಅಲೆಯಬೇಕಾಗುತ್ತದೆ. "ಅವ್ವನ ಪಿಂಚಣಿ ಸರಿ ಮಾಡಿಸೋಣ" ಎಂಬ ಮಾತಿಗೆ ಸಿಟ್ಟಾಗುವ ತಂದೆಯನ್ನು ನಾನು ಇನ್ನೂ ಕಂಡಿಲ್ಲ.

ಕಾಗದಗಳು ಕಳೆದುಹೋಗುವುದಕ್ಕಿಂತ ಹೆಚ್ಚಿನ ತೊಂದರೆ ನಮ್ಮ ಭಾಗದಲ್ಲಿ ಹೆಸರಿನದು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಅನೇಕ ಮನೆತನಗಳಲ್ಲಿದೆ. ನಾನು ಬ್ಯಾಂಕಿನಲ್ಲಿದ್ದಾಗ ಗಂಡನ ಠೇವಣಿಯನ್ನು ಕೇಳಿಕೊಂಡು ಒಬ್ಬ ತಾಯಿ ಬಂದಿದ್ದರು. ರಸೀದಿಯಲ್ಲಿ ನಾಮಿನಿ ಗಂಗವ್ವ, ಆಧಾರಿನಲ್ಲಿ ಶಾರದಾ, ರೇಷನ್ ಕಾರ್ಡಿನಲ್ಲಿ ಶಾರವ್ವ. ಮೂವರೂ ಒಬ್ಬರೇ ಎಂದು ಓಣಿಗೆಲ್ಲ ಗೊತ್ತಿದ್ದರೂ ಕಾಗದಕ್ಕೆ ಗೊತ್ತಿರಲಿಲ್ಲ. ಪ್ರಮಾಣಪತ್ರ, ಸಾಕ್ಷಿ, ಮತ್ತೊಂದು ಪ್ರಮಾಣಪತ್ರ ಎಂದು ಅವರು ನಾಲ್ಕು ತಿಂಗಳು ಓಡಾಡಿದರು. ಗಂಡ ಬದುಕಿದ್ದಾಗ ಒಂದು ಅರ್ಜಿ, ಒಂದು ಸಹಿಯಲ್ಲಿ ಮುಗಿಯುತ್ತಿದ್ದ ಕೆಲಸವದು. ಆದ್ದರಿಂದ ಟ್ರಂಕು ತೆರೆದ ದಿನ ಪ್ರತಿಯೊಂದು ಕಾಗದದಲ್ಲಿ ತಂದೆ-ತಾಯಿಯ ಹೆಸರು ಹೇಗಿದೆಯೋ ಅಕ್ಷರಶಃ ಹಾಗೆಯೇ ಬರೆದುಕೊಂಡು, ವ್ಯತ್ಯಾಸವಿರುವಲ್ಲೆಲ್ಲ ತಂದೆಯವರ ಕೈಯಿಂದಲೇ ತಿದ್ದುಪಡಿಗೆ ಅರ್ಜಿ ಕೊಡಿಸಿ.

ಅದೇ ಹೊತ್ತಿಗೆ ನಾಮಿನಿ ಯಾರೆಂಬುದನ್ನೂ ನೋಡಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಗಳಲ್ಲಿ ಎಂದೋ ತೀರಿಕೊಂಡ ಅಜ್ಜಿಯೇ ಇನ್ನೂ ನಾಮಿನಿಯಾಗಿರುವುದುಂಟು. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಆದರೆ ನಾಮಿನಿ ಎಂದರೆ ಹಣವನ್ನು ಬ್ಯಾಂಕಿನಿಂದ ಪಡೆದುಕೊಳ್ಳುವವರೇ ಹೊರತು ಅದರ ಒಡೆಯರಲ್ಲ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲಿಯೇ ಹೇಳಿತು; 2015ರ ತಿದ್ದುಪಡಿಯ ನಂತರ ಪಾಲಿಸಿದಾರರ ತಂದೆ-ತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಮಾತ್ರ ವಿಮೆಯ ಹಣ ಅವರದೇ ಆಗುತ್ತದೆ. ಉಳಿದ ಸ್ವಯಾರ್ಜಿತ ಆಸ್ತಿಗೆ ಮೃತ್ಯುಪತ್ರ, ಅಂದರೆ ವಿಲ್, ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ಮೃತರ ತಾಯಿ ಬದುಕಿದ್ದರೆ ಅವರೂ ಸಮಪಾಲುದಾರರು. ಮನೆಯು ತಾಯಿಯವರ ಹೆಸರಿಗೇ ಬರಲಿ ಎಂಬುದು ತಂದೆಯವರ ಇಚ್ಛೆಯಾಗಿದ್ದರೆ ಮೃತ್ಯುಪತ್ರ ಬರೆಸಬೇಕು. ಅದಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಕಡ್ಡಾಯ. ಪಾಲು ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು.

ಹಳೆಯ ರಸೀದಿಗಳ ಮೇಲಿನ ಬ್ಯಾಂಕಿನ ಹೆಸರು ಕಂಡು ಗಾಬರಿಯಾಗಬೇಡಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಸೇರಿಹೋದವು. ನಮ್ಮ ಧಾರವಾಡದಲ್ಲಿಯೇ ಕೇಂದ್ರ ಕಚೇರಿಯಿದ್ದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆಯಾದರೂ ವಾರಸುದಾರರು ಆಮೇಲೆಯೂ ಅದನ್ನು ಕೇಳಿ ಪಡೆಯಬಹುದು.

ಕಡೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಯಾವ ಕಾಗದ ಎಲ್ಲಿದೆ, ಯಾರಿಗೆ ಸಾಲ ಕೊಟ್ಟಿದೆ, ಯಾರಿಂದ ತಂದಿದೆ ಎಂಬುದನ್ನು ತಂದೆಯವರು ಹೇಳಿದಂತೆ ಬರೆದಿಡಿ. ಎಟಿಎಂ ಪಿನ್ ಬರೆಯಬೇಡಿ. ತೀರಿಕೊಂಡವರ ಕಾರ್ಡಿನಿಂದ ಹಣ ತೆಗೆಯುವುದು ಎಷ್ಟೋ ಮನೆಗಳಲ್ಲಿ ದಿನಕರ್ಮ ಮುಗಿಯುವ ಮೊದಲೇ ನಡೆಯುತ್ತದೆ. ಆಮೇಲೆ ಉಳಿದ ವಾರಸುದಾರರೊಬ್ಬರು ತಕರಾರು ಎತ್ತಿದರೆ ಉತ್ತರಿಸುವುದು ಕಷ್ಟ. ತೀರಿಕೊಂಡವರ ಮೊಬೈಲ್ ಸಿಮ್ ಅನ್ನು ಮಾತ್ರ ಕೆಲವು ತಿಂಗಳು ಚಾಲ್ತಿಯಲ್ಲಿಡಿ, ಬ್ಯಾಂಕು ಮತ್ತು ವಿಮೆಯ ಸಂದೇಶಗಳು ಅದಕ್ಕೇ ಬರುತ್ತವೆ.

ಪ್ರಶ್ನೆ: ತಂದೆ ತೀರಿ ಮೂರು ವರ್ಷವಾಯಿತು. ಹೊಲ ಇನ್ನೂ ಅಜ್ಜನ ಹೆಸರಿನಲ್ಲಿದೆ. ಸೊಸೈಟಿಯಲ್ಲಿ ತಂದೆಯವರ ಶೇರು ಹಣವೂ ಇದೆ. ಏನು ಮಾಡಬೇಕು?
– ಓದುಗರೊಬ್ಬರು, ಗದಗ ತಾಲ್ಲೂಕು

ಉತ್ತರ: ತೀರಿಕೊಂಡವರ ಹೆಸರಿನಲ್ಲಿರುವ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅಂದರೆ ವಾರಸಾ ಅಥವಾ ಪೌತಿ ಖಾತೆಗೆ, ಅಜ್ಜನಿಂದ ಆರಂಭವಾಗುವ ವಂಶಾವಳಿ ಬೇಕು, ಅಜ್ಜ ಮತ್ತು ತಂದೆ ಇಬ್ಬರ ಮರಣ ಪ್ರಮಾಣಪತ್ರವೂ ಬೇಕು. ಮರಣವನ್ನು 21 ದಿನಗಳಲ್ಲಿ ನೋಂದಾಯಿಸಬೇಕೆಂಬುದು ನಿಯಮ. ಅಜ್ಜನದು ನೋಂದಣಿಯಾಗಿಯೇ ಇಲ್ಲದಿದ್ದರೆ, ವರ್ಷ ಮೀರಿದ ಪ್ರಕರಣವಾದ್ದರಿಂದ, ಮ್ಯಾಜಿಸ್ಟ್ರೇಟ್ ಅಧಿಕಾರವುಳ್ಳವರ ಆದೇಶ ಬೇಕಾಗುತ್ತದೆ. ಆ ಕೆಲಸವೇ ತಡವಾಗುವುದರಿಂದ ಅದನ್ನು ಮೊದಲು ಹಿಡಿಯಿರಿ. ವಂಶಾವಳಿಯಲ್ಲಿ ಮದುವೆಯಾಗಿ ಹೋದ ಅತ್ತೆಯಂದಿರನ್ನೂ ಅಕ್ಕ-ತಂಗಿಯರನ್ನೂ ಬಿಡಬೇಡಿ. ಬಿಟ್ಟರೆ ಬೇಗ ಆಗುತ್ತದೆ ಎಂದು ಹೇಳುವವರು ಸಿಗುತ್ತಾರೆ, ಆದರೆ ಹಾಗೆ ಆದದ್ದು ಒಂದು ತಕರಾರು ಅರ್ಜಿಗೆ ಬಿದ್ದುಹೋಗುತ್ತದೆ. 1905ರಲ್ಲಿಯೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ತಾಲ್ಲೂಕು ನಿಮ್ಮದು, ಶೇರಿನ ರೀತಿ ಹಿರಿಯರಿಗೆ ಗೊತ್ತಿರುತ್ತದೆ: ಸಂಘದ ಕಾರ್ಯದರ್ಶಿಗಳಿಗೆ ಲಿಖಿತ ಅರ್ಜಿ ಕೊಟ್ಟು, ಸದಸ್ಯರ ರಿಜಿಸ್ಟರಿನಲ್ಲಿ ತಂದೆಯವರು ಯಾರನ್ನು ನಾಮಿನಿ ಮಾಡಿದ್ದಾರೆಂದು ನೋಡಿ, ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಂಡು ಬನ್ನಿ.