ಆ ಕೊಳವೆ ಎಲ್ಲಿ ಹೋಯಿತು?

ನಮಸ್ಕಾರ.

'ರಕ್ತದೊಳಗಿನ ಸೈನ್ಯ' ಎಂಬ ನಿಮ್ಮ ಲೇಖನ ಓದಿದೆ. ಕಾಂಪ್ಲಿಮೆಂಟ್ ವ್ಯವಸ್ಥೆಯ ಬಗ್ಗೆ, ಅಂದರೆ ಪ್ರತಿಕಾಯಗಳ ಜೊತೆಗೂಡಿ ರೋಗಾಣುಗಳನ್ನು ಕೊಲ್ಲುವ ರಕ್ತದ ಪ್ರೋಟೀನುಗಳ ಬಗ್ಗೆ, ಕನ್ನಡದಲ್ಲಿ ಬರೆಯುವವರು ಕಮ್ಮಿ. ವಿಷಯ ಒಳ್ಳೆಯದು, ಭಾಷೆ ಶುದ್ಧವಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲಾರೆ. ಎರಡು ಸಲ ಓದಿದೆ. ಎರಡು ಸಲವೂ ಒಂದೇ ಜಾಗದಲ್ಲಿ ಸಿಟ್ಟು ಬಂತು. ಅದನ್ನಷ್ಟೇ ಹೇಳುತ್ತೇನೆ.

ಎರಡನೇ ಪ್ಯಾರಾ ಹೀಗೆ ಶುರುವಾಗುತ್ತದೆ: "ಹಗಲಿರುಳು ಕಾವಲು ನಿಂತ ಈ ವೀರ ಯೋಧರು ಶತ್ರುವನ್ನು ಗುರುತಿಸಿದ ಕೂಡಲೇ ಮುಗಿಬೀಳುತ್ತಾರೆ."

ಈ ಸೈನ್ಯದ ಹೋಲಿಕೆ ಓದಿ ಓದಿ ನನಗೆ ಸಾಕಾಗಿದೆ. ಅದಕ್ಕಿಂತ ದೊಡ್ಡ ತೊಂದರೆ, ಅದು ನಿಜ ಅಲ್ಲ. ಸಿ1ಕ್ಯೂ ಎಂಬ ಪ್ರೋಟೀನು ರೋಗಾಣುವಿಗೆ ಅಂಟಿದ ಪ್ರತಿಕಾಯವನ್ನು ಹಿಡಿಯುತ್ತದೆ. ಅಲ್ಲಿ 'ಗುರುತಿಸಿ' ಅನ್ನಬಹುದು. ಸಿ3 ಎಂಬ ಇನ್ನೊಂದು ಪ್ರೋಟೀನು ಹಾಗಲ್ಲ. ಯಾರೂ ಕರೆಯದಿದ್ದರೂ ಅದು ಸದಾ ಸ್ವಲ್ಪ ಸ್ವಲ್ಪ ಎಚ್ಚರಗೊಳ್ಳುತ್ತಲೇ ಇರುತ್ತದೆ. ಅದರ ತುಣುಕು ಹತ್ತಿರ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಅದು ಬ್ಯಾಕ್ಟೀರಿಯಾ ಆಗಬಹುದು, ನಮ್ಮದೇ ಕೆಂಪು ರಕ್ತಕಣವೂ ಆಗಬಹುದು. ಆದರೂ ನಾವು ಬದುಕಿದ್ದೇವೆ. ಯಾಕೆಂದರೆ ನಮ್ಮ ಜೀವಕೋಶಗಳು ಅದನ್ನು ತಡೆಯುವ ಸಿಡಿ55, ಸಿಡಿ59ರಂಥ ಪ್ರೋಟೀನುಗಳನ್ನು ಮೈಮೇಲೆ ಹೊತ್ತುಕೊಂಡಿವೆ. ಪಿಎನ್‌ಎಚ್ ಎಂಬ ಅಪರೂಪದ ಕಾಯಿಲೆಯಲ್ಲಿ ಆ ತಡೆ ಇಲ್ಲದ ರಕ್ತಕಣಗಳು ಹುಟ್ಟುತ್ತವೆ. ಕಾಂಪ್ಲಿಮೆಂಟ್ ಅವನ್ನು ಒಡೆದು ಹಾಕುತ್ತದೆ. ನಿಮ್ಮ ಯೋಧರ ಕಥೆಯಲ್ಲಿ ಈ ರೋಗಿಗೆ ಜಾಗ ಎಲ್ಲಿದೆ ಹೇಳಿ?

ಮುಂದಿನ ಸಾಲು: "ಸಿ1ರಿಂದ ಸಿ9ರವರೆಗೆ ಸಾಲಾಗಿ ಹೆಜ್ಜೆ ಹಾಕುತ್ತಾರೆ." ಇಲ್ಲ. ಈ ಪ್ರೋಟೀನುಗಳ ಹೆಸರಲ್ಲಿ ಸಂಖ್ಯೆ ಇದೆ ನಿಜ, ಆದರೆ ಸಿ1 ಆದಮೇಲೆ ಬರುವುದು ಸಿ4. ಆಮೇಲೆ ಸಿ2, ಆಮೇಲೆ ಸಿ3. ಯಾವುದರ ಹಿಂದೆ ಯಾವುದು ಅನ್ನೋದು ಪೂರ್ತಿ ಗೊತ್ತಾಗುವ ಮೊದಲೇ ಸಂಖ್ಯೆ ಕೊಟ್ಟಾಗಿತ್ತು. ಈ ಅಡ್ಡಾದಿಡ್ಡಿ ಸಾಲೆಂದರೆ ನನಗೆ ತುಂಬಾ ಇಷ್ಟ. ಕೆಲಸ ಮಾಡಿದವರ ತಡಕಾಟ ಅದರಲ್ಲಿ ಹಾಗೇ ಉಳಿದಿದೆ. ನೀವು ಅದನ್ನು ಕವಾಯತು ಮಾಡಿಬಿಟ್ಟಿದ್ದೀರಿ.

ಮೂರನೆಯದು: "ಇದನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಸಾಬೀತುಪಡಿಸಿದ್ದಾರೆ." ಯಾರು? ಏನು ಮಾಡಿ?

ನಾನು ಬರೆಯಲು ಕಲಿಯುತ್ತಿದ್ದಾಗ ರಕ್ತಪರೀಕ್ಷೆಗಳ ಬಗ್ಗೆ ಒಂದು ಲೇಖನ ಬರೆದು ನಮ್ಮ ಸಂಪಾದಕರಿಗೆ ಕೊಟ್ಟಿದ್ದೆ. 'ವಿಜ್ಞಾನಿಗಳು' ಅಂತ ಬಂದಲ್ಲೆಲ್ಲ ಅವರು ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರು. ಹನ್ನೊಂದು ಸುತ್ತು. "ಇದರಲ್ಲಿ ಒಬ್ಬರ ಕೈಯಾದ್ರೂ ಕಾಣ್ತಿದೆಯಾ? ಹೋಗಿ ನೋಡ್ಕೊಂಡು ಬಾ" ಅಂದರು. ಅವಮಾನ ಆಯಿತು. ಆದರೂ ಹೋದೆ.

ಲ್ಯಾಬಿನಲ್ಲಿ ಒಬ್ಬರು ಕುರಿಯ ಕೆಂಪು ರಕ್ತಕಣಗಳಿಗೆ ಪ್ರತಿಕಾಯ ಅಂಟಿಸಿ, ಸಾಲು ಕೊಳವೆಗಳಿಗೆ ರೋಗಿಯ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು, ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಿದ್ದರು. ಸೀರಮ್ ಐಸಿನಲ್ಲಿತ್ತು. ಸುಮ್ನೆ ಹೊರಗೆ ಬಿಟ್ಟರೆ ಕಾಂಪ್ಲಿಮೆಂಟಿನ ಶಕ್ತಿ ಇಳಿದುಹೋಗುತ್ತದೆ ಅಂತ ಎರಡೆರಡು ಸಲ ಹೇಳಿದರು. ಕೊಳವೆಗಳನ್ನು 37 ಡಿಗ್ರಿ ಬಿಸಿನೀರಿನಲ್ಲಿಟ್ಟರು. ಮೊದಲು ಎಲ್ಲವೂ ಮಬ್ಬು, ಆಚೆಬದಿ ಏನೂ ಕಾಣದು. ಹೊತ್ತು ಹೋದಂತೆ, ಸೀರಮ್ ಜಾಸ್ತಿ ಇದ್ದ ಕೊಳವೆಗಳು ತಿಳಿಯಾದವು. ಕಣಗಳು ಒಡೆದು ಗಾಜಿನಂಥ ಕೆಂಪು. ಹಿಂದೆ ಹಿಡಿದ ಕಾಗದದ ಅಕ್ಷರ ಓದಬಹುದಿತ್ತು! ಅರ್ಧದಷ್ಟು ಕಣ ಒಡೆಯಲು ಎಷ್ಟು ಸೀರಮ್ ಬೇಕು ಅನ್ನೋದೇ ಸಿಎಚ್50 ಪರೀಕ್ಷೆಯ ಅಳತೆ. ಅದೊಂದು ಸಂಖ್ಯೆಯನ್ನು ನಾನು ಲೇಖನದಲ್ಲಿ ನಾಲ್ಕು ಸಲ ಬರೆದಿದ್ದೆ, ಏನಂತ ಗೊತ್ತಿಲ್ಲದೆ. ಮನೆಗೆ ಬಂದು ಎಲ್ಲವನ್ನೂ ಹರಿದು ಮತ್ತೆ ಬರೆದೆ.

ನಿಮ್ಮ 'ಸಾಬೀತು' ಅನ್ನೋ ಪದದ ಒಳಗೂ ಹಾಗೆಯೇ ಒಬ್ಬ ಮನುಷ್ಯ ಇದ್ದಾನೆ. 1895ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ, ಜೂಲ್ ಬೊರ್ಡೆ. ವಯಸ್ಸು 25. ಕಾಲರಾ ರೋಗಾಣುವಿನ ವಿರುದ್ಧ ಪ್ರತಿರೋಧ ಬೆಳೆಸಿಕೊಂಡ ಪ್ರಾಣಿಯ ಸೀರಮ್ಮನ್ನು ಅವರು 55 ಡಿಗ್ರಿಗೆ ಬಿಸಿ ಮಾಡಿದರು. ಅದು ರೋಗಾಣುವನ್ನು ಕೊಲ್ಲುವುದು ನಿಂತುಹೋಯಿತು. ಆಮೇಲೆ, ಆ ರೋಗವನ್ನೇ ಕಾಣದ ಪ್ರಾಣಿಯ ತಾಜಾ ಸೀರಮ್ಮನ್ನು ಅದಕ್ಕೆ ಸ್ವಲ್ಪ ಬೆರೆಸಿದರು. ಕೊಲ್ಲುವ ಶಕ್ತಿ ಮರಳಿ ಬಂತು. ಅಂದರೆ ಅಲ್ಲಿ ಎರಡು ವಸ್ತುಗಳಿವೆ: ಬಿಸಿ ತಾಳುವ ಪ್ರತಿಕಾಯ ಒಂದು, ಬಿಸಿಗೆ ಸಾಯುವ ಇನ್ನೊಂದು. ಆ ಇನ್ನೊಂದೇ ಕಾಂಪ್ಲಿಮೆಂಟ್. 1919ರ ನೊಬೆಲ್ ಅವರಿಗೆ ಸಿಕ್ಕಿತು. ಬೇಕಾಗಿದ್ದು ಎರಡು ಸೀರಮ್, ಸ್ವಲ್ಪ ಬಿಸಿ. ಎಂಥ ಯೋಧರ ಕಥೆ ಇದರ ಮುಂದೆ ನಿಲ್ಲುತ್ತದೆ?

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಎರಡನೇ ಪ್ಯಾರಾ ಒಂದನ್ನೇ ಮತ್ತೆ ಬರೆದು ಕಳಿಸಿ. ಬೊರ್ಡೆ ಸೀರಮ್ ಬಿಸಿ ಮಾಡುವುದರಿಂದ ಶುರು ಮಾಡಿ. ಅದಕ್ಕೂ ಮೊದಲು, ಯಾರಾದರೂ ಒಳಗೆ ಬಿಟ್ಟರೆ, ಸಿಎಚ್50 ಪರೀಕ್ಷೆ ನಡೆಯುವ ಲ್ಯಾಬಿಗೆ ಹೋಗಿ ಒಂದು ಕೊಳವೆ ತಿಳಿಯಾಗುವ ತನಕ ಕೂತು ಬನ್ನಿ. ಕಾಯುತ್ತಿರುತ್ತೇನೆ.